ನವಿಲು, ಮಂಗ ಮತ್ತು ಮಳೆ: ಮಲೆನಾಡಿನಲ್ಲಿ ಹವಾಮಾನ ಬದಲಾವಣೆಯ ಕುರುಹುಗಳು

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ. ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ಪ್ರಕಟಿಸಲಾಗಿದೆ.)



ಶಿವಮೊಗ್ಗ ಜಿಲ್ಲೆಯ ಯಾವ ಗ್ರಾಮ ಸಭೆಯಲ್ಲಿ ಕುಳಿತರೂ ಈಚಿನ ವರ್ಷಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಮಳೆ ಮೊದಲಿನಂತಿಲ್ಲ. ಇನ್ನೊಂದು, ಪ್ರಾಣಿಗಳು ಮೊದಲಿನಂತಿಲ್ಲ. ಗದ್ದೆಗೆ ನವಿಲುಗಳ ಹಿಂಡು ಇಳಿಯುತ್ತಿದೆ, ಮಂಗಗಳು ಎಳೆ ಅಡಿಕೆಯನ್ನು ಚೀಪಿ ಎಸೆಯುತ್ತಿವೆ, ಬೇಸಗೆಯ ನಡುವೆಯೇ ಕಪ್ಪೆಗಳು ಕೂಗತೊಡಗಿವೆ ಎಂದು ಜನ ಹೇಳುತ್ತಾರೆ. ಇದೆಲ್ಲವೂ ಹವಾಮಾನ ಬದಲಾವಣೆಯೇ ಎಂದು ಒಬ್ಬರು ತೀರ್ಮಾನಿಸಿದರೆ, ಹಿಂದೆಯೂ ಹೀಗೆಯೇ ಇತ್ತು, ನಿಮಗೆ ನೆನಪಿಲ್ಲ ಎಂದು ಮತ್ತೊಬ್ಬರು ತಳ್ಳಿಹಾಕುತ್ತಾರೆ. ಚರ್ಚೆ ಅಲ್ಲಿಗೆ ಮುಗಿದು ಸಭೆಯು ಬೀದಿದೀಪದ ವಿಷಯಕ್ಕೆ ಹೋಗುತ್ತದೆ.

ಈ ಎರಡು ಉತ್ತರಗಳೂ ಪಂಚಾಯಿತಿಗೆ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ವರ್ಷದ ವಿಚಿತ್ರ ಮಳೆಯಿಂದ ಏನೂ ಸಾಬೀತಾಗುವುದಿಲ್ಲ, ಒಂದು ಹಕ್ಕಿಯ ಆಗಮನದಿಂದಲೂ ಇಲ್ಲ. ಆದರೆ ಒಂದೇ ಊರಿನಲ್ಲಿ, ಒಂದೇ ಬಗೆಯಲ್ಲಿ, ದಿನಾಂಕ ಹಾಕಿ ಹತ್ತಾರು ವರ್ಷ ಬರೆದಿಟ್ಟ ದಾಖಲೆಗೆ ಬೆಲೆ ಇದೆ. ಅಂಥ ದಾಖಲೆಯನ್ನು ಇಟ್ಟುಕೊಳ್ಳಬಲ್ಲ ಸಂಸ್ಥೆ ಹಳ್ಳಿಯಲ್ಲಿ ಒಂದೇ ಇದೆ. ಅದು ನೀವು ಪ್ರತಿನಿಧಿಸುವ ಗ್ರಾಮ ಪಂಚಾಯಿತಿ.

ಮೊದಲು ನಿಶ್ಚಿತವಾಗಿ ತಿಳಿದಿರುವ ವಿಷಯಗಳನ್ನು ಹೇಳುತ್ತೇನೆ. ಇಂದು ಬಿಸಿಲು, ನಾಳೆ ಮಳೆ ಎಂಬುದು ದಿನದಿನದ ಹವೆ. ಒಂದು ಪ್ರದೇಶದಲ್ಲಿ ಮೂವತ್ತು ವರ್ಷಗಳ ಹವೆಯನ್ನು ಒಟ್ಟುಗೂಡಿಸಿ ನೋಡಿದಾಗ ದೊರೆಯುವ ಸರಾಸರಿ ಸ್ವರೂಪವೇ ಅಲ್ಲಿನ ವಾಯುಗುಣ. ಬದಲಾವಣೆಯ ಮಾತನ್ನು ಆಡಬೇಕಾದದ್ದು ಈ ಎರಡನೆಯದರ ಬಗ್ಗೆ. ಕೇಂದ್ರ ಭೂ ವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ಮೌಲ್ಯಮಾಪನ ವರದಿಯ ಪ್ರಕಾರ 1901ರಿಂದ 2018ರ ಅವಧಿಯಲ್ಲಿ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆಯ ಒಟ್ಟು ಪ್ರಮಾಣ ಸುಮಾರು ಶೇಕಡಾ 6ರಷ್ಟು ಕುಗ್ಗಿದೆ. ಆ ಇಳಿಕೆ ಎದ್ದು ಕಾಣುವ ಪ್ರದೇಶಗಳು ಎರಡು: ಗಂಗಾ ಬಯಲು ಮತ್ತು ನಮ್ಮ ಪಶ್ಚಿಮಘಟ್ಟ. ಅದೇ ವೇಳೆ, ಸುರಿದಾಗ ಒಮ್ಮೆಗೇ ಭಾರಿಯಾಗಿ ಸುರಿಯುವ ಮಳೆಯ ಪ್ರಸಂಗಗಳು ದೇಶದ ಹಲವೆಡೆ ಹೆಚ್ಚಿವೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದ್ದು ಅಲ್ಲಿ ಏಳುವ ಚಂಡಮಾರುತಗಳ ಸಂಖ್ಯೆಯೂ ಬಲವೂ ಏರಿವೆ. 1901ರಿಂದ ಇರುವ ದಾಖಲೆಯಲ್ಲಿ 2024 ಭಾರತದ ಅತ್ಯಂತ ಬಿಸಿಯಾದ ವರ್ಷ.

ನಮ್ಮ ಸೀಮೆಯ ಈಚಿನ ವರ್ಷಗಳನ್ನು ಸಾಲಾಗಿ ನೆನಪಿಸಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಕೆಲವೇ ದಿನಗಳ ಮಳೆಗೆ ತುಂಗಾ ತೀರ ಮುಳುಗಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ, ಭತ್ತ ಕೊಯ್ದು ಅಡಿಕೆ ಒಣಗಿಸಬೇಕಾದ ಹೊತ್ತಿನಲ್ಲಿ ಬಿಡದೆ ಮಳೆ ಬಂತು. 2023ರ ಆಗಸ್ಟ್ ದೇಶದ ಮಟ್ಟದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಕಾಯದೆ ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಇವುಗಳಲ್ಲಿ ಯಾವುದನ್ನೇ ಬಿಡಿಯಾಗಿ ತೆಗೆದುಕೊಂಡರೂ ಹಿಂದೆ ಅಂಥದ್ದು ನಡೆದೇ ಇಲ್ಲ ಎನ್ನಲಾಗದು. 2023ರ ಬರಕ್ಕೆ ಪೆಸಿಫಿಕ್ ಸಾಗರದ ಎಲ್ ನಿನೊ ವಿದ್ಯಮಾನವೂ ಕಾರಣ. ಒಂದರ ಬೆನ್ನಿಗೊಂದು ಹೀಗೆ ಬರುತ್ತಿರುವುದೇ ಚಿಂತೆಗೆ ಆಸ್ಪದ ಕೊಡುವ ಸಂಗತಿ.

ಇಲ್ಲಿ ಮಳೆ ನಕ್ಷತ್ರಗಳ ವಿಚಾರವನ್ನೂ ಹೇಳಬೇಕು. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಲೆಕ್ಕ ಹಾಕಿಯೇ ನಮ್ಮ ಹಿರಿಯರು ಬಿತ್ತನೆ, ನಾಟಿಗಳನ್ನು ನಡೆಸಿದರು. ನಕ್ಷತ್ರಗಳೇ ಸರಿದುಹೋಗಿವೆ, ಆದ್ದರಿಂದ ಲೆಕ್ಕ ತಪ್ಪುತ್ತಿದೆ ಎಂದು ಕೆಲವರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಅದು ತೀರ ಸಣ್ಣದು. ನಕ್ಷತ್ರಗಳನ್ನು ಆಧರಿಸಿದ ವರ್ಷ ಋತುಗಳನ್ನು ಆಧರಿಸಿದ ವರ್ಷಕ್ಕಿಂತ ಸುಮಾರು 20 ನಿಮಿಷ ದೀರ್ಘವಾದುದರಿಂದ ಎಪ್ಪತ್ತು ವರ್ಷಗಳಿಗೆ ಸುಮಾರು ಒಂದು ದಿನದ ವ್ಯತ್ಯಾಸ ಬರುತ್ತದೆ. ಅಜ್ಜನ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಒಂದು ದಿನ. ಮೃಗಶಿರದಲ್ಲಿ ಹಿಡಿಯಬೇಕಾದ ಮಳೆ ಪುನರ್ವಸುವಿನವರೆಗೆ ಬಾರದಿದ್ದರೆ, ಅದಕ್ಕೆ ಪಂಚಾಂಗವನ್ನು ದೂರಿ ಪ್ರಯೋಜನವಿಲ್ಲ.

ಇನ್ನು ಪ್ರಾಣಿಗಳ ವಿಷಯಕ್ಕೆ ಬರೋಣ. ನವಿಲಿನಿಂದ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚು ಮಂದಿ ಕೇಳುವುದು ಅದರ ಬಗ್ಗೆ. ನವಿಲು ಮೂಲತಃ ಒಣ ಸೀಮೆಯ, ಕುರುಚಲು ಕಾಡಿನ ಹಕ್ಕಿ. ದಟ್ಟ ಮಳೆಕಾಡು ಅದಕ್ಕೆ ಒಗ್ಗುವುದಿಲ್ಲ. ಈಗ ಅದು ಅಡಿಕೆ ತೋಟದ ಅಂಚಿನಲ್ಲಿ, ಭತ್ತದ ಸಸಿಮಡಿಯಲ್ಲಿ ಕಾಣಿಸಿಕೊಳ್ಳುತ್ತಿದೆ. ನಮ್ಮಂತೆಯೇ ಮಳೆ ಹೆಚ್ಚಿರುವ ಕೇರಳದಲ್ಲಿಯೂ ಹೀಗೆಯೇ ಆಗಿದೆ. ಪಕ್ಷಿತಜ್ಞ ಸಲೀಂ ಅಲಿ ಅವರು 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ವಿಸ್ತಾರವಾದ ಪಕ್ಷಿ ಸಮೀಕ್ಷೆ ನಡೆಸಿದಾಗ ಅವರಿಗೆ ನವಿಲು ಸಿಕ್ಕಿರಲಿಲ್ಲ. ಇಂದು ಕೇರಳದ ಹಲವೆಡೆ ಅದು ಸಾಮಾನ್ಯ ಹಕ್ಕಿ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಹರಡುವಿಕೆಯನ್ನು ನಾಡು ಒಣಗುತ್ತಿರುವುದರ ಸೂಚಕವೆಂದು ಪರಿಗಣಿಸಿದೆ.

ಆ ಅಧ್ಯಯನಕ್ಕೆ ಆಧಾರ ಒದಗಿದ್ದು ಹೇಗೆ ಎಂಬುದನ್ನು ಗಮನಿಸಿ. ಸುಮಾರು ತೊಂಬತ್ತು ವರ್ಷಗಳ ಹಿಂದೆ ಒಬ್ಬರು ಊರೂರು ತಿರುಗಿ ಕಂಡ ಹಕ್ಕಿಗಳ ಪಟ್ಟಿಯನ್ನು ಬರೆದಿಟ್ಟಿದ್ದರು. ಪಟ್ಟಿಯಲ್ಲಿ ನವಿಲು ಇಲ್ಲದಿರುವುದೇ ಇಂದು ಸಾಕ್ಷ್ಯವಾಯಿತು. ನಮ್ಮ ಹಳ್ಳಿಗಳಲ್ಲಿ ನವಿಲು ಮೊದಲು ಯಾವ ವರ್ಷ ಕಂಡಿತೆಂದು ಕೇಳಿದರೆ ಹತ್ತು ಜನ ಹತ್ತು ವರ್ಷ ಹೇಳುತ್ತಾರೆ, ಬರೆದವರು ಯಾರೂ ಇಲ್ಲ.

ಹಾಗೆಂದು ನವಿಲು ಬಂದ ಮಾತ್ರಕ್ಕೆ ಹವಾಮಾನವೇ ಕಾರಣ ಎಂದು ನಾನು ಹೇಳಲಾರೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಅದಕ್ಕೆ ಅತ್ಯುನ್ನತ ರಕ್ಷಣೆ ಇದೆ, ಬೇಟೆ ಕಡಿಮೆಯಾಗಿದೆ. ಮೊಟ್ಟೆ, ಮರಿಗಳನ್ನು ತಿನ್ನುವ ನರಿ, ಕಾಡುಬೆಕ್ಕುಗಳು ಹಲವೆಡೆ ವಿರಳವಾಗಿವೆ. ಕಾಡು ತೆರವಾಗಿ ಬಯಲು ಹೆಚ್ಚಿದೆ, ಸಾಗುವಳಿ ಬಿಟ್ಟ ಗದ್ದೆಗಳಲ್ಲಿ ಪೊದೆ ಬೆಳೆದಿದೆ. ಇವೆಲ್ಲ ನವಿಲಿಗೆ ಅನುಕೂಲಕರ. ಇವುಗಳ ಜೊತೆಗೆ ಮಳೆಯ ದಿನಗಳು ಕಡಿಮೆಯಾದದ್ದೂ ಸೇರಿರಬಹುದು. ಯಾವುದರ ಪಾಲು ಎಷ್ಟು ಎಂದು ತಿಳಿಯಲು ಊರುಮಟ್ಟದ ದಾಖಲೆ ಬೇಕು.

ಹವಾಮಾನದ ಕುರುಹೆಂದು ತೋರಿ ಹಾಗಲ್ಲದ ಸಂಗತಿಗಳೂ ನಮ್ಮ ಸುತ್ತ ಸಾಕಷ್ಟಿವೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಹೊಸದೊಂದು ಹುಳು ಕಾಣಿಸಿಕೊಂಡಿತು. ಸುಳಿಯೊಳಗೆ ಕುಳಿತು ಎಲೆಯನ್ನು ಜಾಲರಿಯಂತೆ ಮಾಡುವ ಅದನ್ನು ಫಾಲ್ ಸೈನಿಕ ಹುಳು ಎಂದು ಗುರುತಿಸಲಾಯಿತು. ಭಾರತದಲ್ಲಿ ಅದು ಮೊದಲು ದಾಖಲಾದದ್ದು ಇಲ್ಲಿಯೇ. ಅನೇಕರು ಅದನ್ನು ಹವಾಮಾನದ ಪರಿಣಾಮವೆಂದು ಭಾವಿಸಿದರು. ವಾಸ್ತವವಾಗಿ ಅದು ಅಮೆರಿಕ ಖಂಡದ ಕೀಟ, 2016ರಲ್ಲಿ ಆಫ್ರಿಕಾ ತಲುಪಿ ಎರಡೇ ವರ್ಷಗಳಲ್ಲಿ ನಮ್ಮಲ್ಲಿಗೆ ಬಂದದ್ದು. ತೊಂಬತ್ತರ ದಶಕದ ಆರಂಭದಲ್ಲಿ ಪೆಟ್ಟಿಗೆಗಳಲ್ಲಿ ಸಾಕಿದ ತುಡುವೆ ಜೇನಿನ ಕುಟುಂಬಗಳು ಸಾಮೂಹಿಕವಾಗಿ ನಾಶವಾದದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಅದಕ್ಕೆ ಕಾರಣ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ. ಬಿದಿರು ಹೂಬಿಟ್ಟು ಮೆಳೆಮೆಳೆಯೇ ಒಣಗುವುದು ಅದರ ಹಲವು ದಶಕಗಳ ಸಹಜ ಚಕ್ರ. ಚಾತಕದ ವಿಷಯವೂ ಅಷ್ಟೆ. ಉತ್ತರ ಭಾರತಕ್ಕೆ ಅದು ಮುಂಗಾರಿನೊಡನೆ ಆಫ್ರಿಕಾದಿಂದ ಬರುವುದು ನಿಜ, ಆದರೆ ದಕ್ಷಿಣದಲ್ಲಿ ವರ್ಷವಿಡೀ ನೆಲೆಸಿರುವ ಚಾತಕಗಳೂ ಇವೆ. ಆದ್ದರಿಂದ ನಮ್ಮೂರಿನಲ್ಲಿ ಅದರ ಕೂಗು ಕೇಳಿದೊಡನೆ ಮಳೆಯ ಲೆಕ್ಕ ಹಾಕುವಂತಿಲ್ಲ.

ಕಪ್ಪೆಗಳು ಮತ್ತು ರೆಕ್ಕೆಗೆದ್ದಲುಗಳ ವರ್ತನೆ ಇದಕ್ಕಿಂತ ನೇರವಾದದ್ದು. ಇವು ನೆಲದ ತೇವಕ್ಕೆ, ಮೊದಲ ದೊಡ್ಡ ಮಳೆಗೆ ಓಗೊಡುತ್ತವೆ. ಮೊದಲ ಮಳೆಗೆ ಮೈ ಹಳದಿಯಾಗಿ ಗದ್ದೆಯ ಬದುವಿನಲ್ಲಿ ಅರಚುವ ದೊಡ್ಡ ಗಂಡು ಕಪ್ಪೆಗಳನ್ನು ನೀವೆಲ್ಲ ನೋಡಿದ್ದೀರಿ. ಏಪ್ರಿಲ್‌ನಲ್ಲಿ ಎರಡು ದಿನ ಭಾರಿ ಮಳೆ ಬಂದು ನಿಂತುಹೋದರೆ ಅವು ಹೊಂಡಗಳಲ್ಲಿ ಮೊಟ್ಟೆಯಿಡುತ್ತವೆ, ಗೊದಮೊಟ್ಟೆಗಳು ಕಾಲು ಮೂಡುವ ಮೊದಲೇ ನೀರು ಬತ್ತುತ್ತದೆ. ಗದ್ದೆಯ ಕೀಟಗಳನ್ನು ತಿನ್ನುವ ಒಂದು ತಲೆಮಾರು ಹಾಗೆ ನಷ್ಟವಾಗುತ್ತದೆ. ಒಂದು ವರ್ಷ ಹೀಗಾದರೆ ಚಿಂತೆಯಿಲ್ಲ. ಐದು ವರ್ಷಗಳಲ್ಲಿ ಮೂರು ಬಾರಿ ಆಯಿತೆಂದು ಬರೆದದ್ದು ಇದ್ದರೆ ಆಗ ಅದು ಕುರುಹು.

ಈಗ ಮಂಗಗಳ ವಿಷಯ. ಈ ಉಪನ್ಯಾಸದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಬೇಕೆಂದು ಕೋರುತ್ತೇನೆ.

ಪ್ರಾಣಿಗಳ ವರ್ತನೆಯನ್ನು ಗಮನಿಸಿ ಬರೆದಿಡುವುದು ಜೀವ ಉಳಿಸುವ ಕೆಲಸವಾಗಬಹುದು ಎಂಬುದಕ್ಕೆ ಜಗತ್ತಿಗೇ ಉದಾಹರಣೆ ನಮ್ಮ ಜಿಲ್ಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಜನ ತೀವ್ರ ಜ್ವರಕ್ಕೆ ಗುರಿಯಾದರು. ಮಂಗಗಳ ಸಾವಿನ ಜಾಡು ಹಿಡಿದು ಹೋದ ವಿಜ್ಞಾನಿಗಳು ಹೊಸದೊಂದು ವೈರಸನ್ನು ಪತ್ತೆ ಮಾಡಿದರು. ಅದೇ ಮಂಗನ ಕಾಯಿಲೆ, ಕ್ಯಾಸನೂರು ಕಾಡಿನ ಕಾಯಿಲೆ. ಅದನ್ನು ಹರಡುವುದು ಉಣುಗು. ಮುಸಿಯ ಮತ್ತು ಕೆಂಪು ಮಂಗಗಳಿಗೆ ಸೋಂಕು ತಗುಲಿ ಅವು ಸತ್ತಾಗ ಮೈಮೇಲಿನ ಉಣುಗುಗಳು ಅಲ್ಲಿಯೇ ತರಗೆಲೆಯೊಳಗೆ ಇಳಿದು ಹರಡಿಕೊಳ್ಳುತ್ತವೆ. ದರಗು ಗುಡಿಸಲು, ಸೊಪ್ಪು ತರಲು, ಸೌದೆ ಆರಿಸಲು ಹೋದವರಿಗೆ ಅವು ಹತ್ತುತ್ತವೆ. ಮೇಯಲು ಹೋದ ದನಗಳ ಮೈಯಲ್ಲಿಯೂ ಕೊಟ್ಟಿಗೆಗೆ ಬರುತ್ತವೆ. ಮನುಷ್ಯರಿಗೆ ಹೆಚ್ಚು ಅಪಾಯಕಾರಿಯಾದ ಎಳೆಯ ಉಣುಗುಗಳು ಚುರುಕಾಗುವುದು ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಭಾಗದಲ್ಲಿ ಈ ರೋಗ ಉಲ್ಬಣಿಸಿ ಹಲವು ಜೀವಗಳು ಹೋದದ್ದು ಈ ಸಭೆಯಲ್ಲಿರುವ ಅನೇಕರಿಗೆ ಕೇಳಿ ತಿಳಿದದ್ದಲ್ಲ, ಕಂಡು ಅನುಭವಿಸಿದ್ದು. ಬಹುಕಾಲ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳಿಗೆ ಸೀಮಿತವಾಗಿದ್ದ ಕಾಯಿಲೆ 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿಯೂ ಕಾಣಿಸಿಕೊಂಡಿದೆ. ಇದಕ್ಕೆ ಹವಾಮಾನ ಎಷ್ಟು ಕಾರಣ, ಕಾಡು ಛಿದ್ರವಾದದ್ದು ಎಷ್ಟು ಕಾರಣ, ಪರೀಕ್ಷೆಗಳು ಹೆಚ್ಚಿ ಬೆಳಕಿಗೆ ಬಂದದ್ದು ಎಷ್ಟು ಎಂಬುದರ ಬಗ್ಗೆ ತಜ್ಞರಲ್ಲಿ ಚರ್ಚೆ ಇದೆ. ಆದರೆ ಉಣುಗಿನ ಬದುಕು ತೇವ ಮತ್ತು ಬಿಸಿಲಿನ ಲೆಕ್ಕವನ್ನು ಅನುಸರಿಸುವುದರಿಂದ, ಮಳೆ ಬೇಗ ನಿಂತ ವರ್ಷ ಅದರ ಕಾಲ ಬೇಗ ಆರಂಭವಾಗಬಹುದು, ನವೆಂಬರ್ ಕೊನೆಯವರೆಗೆ ಮಳೆ ಎಳೆದ ವರ್ಷ ತಡವಾಗಬಹುದು. ಮುನ್ನೆಚ್ಚರಿಕೆ ಕ್ರಮಗಳನ್ನು ಪ್ರತಿವರ್ಷ ಒಂದೇ ದಿನಾಂಕಕ್ಕೆ ಆರಂಭಿಸುವ ರೂಢಿ ಇನ್ನು ಮುಂದೆ ಸಾಕಾಗದು.

ಆದ್ದರಿಂದ ಸತ್ತ ಮಂಗ ಕಂಡಾಗ ಕಾರಣದ ಚರ್ಚೆಗೆ ಹೋಗಬೇಡಿ. ಅದನ್ನು ಯಾರೂ ಮುಟ್ಟದಂತೆ, ಮಕ್ಕಳೂ ನಾಯಿಗಳೂ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಸ್ಥಳ, ದಿನಾಂಕ, ಮುಸಿಯವೋ ಕೆಂಪು ಮಂಗವೋ ಎಂಬುದನ್ನು ಬರೆದಿಡಿ. ಆ ಕಾಡಿನಂಚಿಗೆ ಸೊಪ್ಪು ದರಗಿಗೆ ಹೋಗುವ ಮನೆಗಳಿಗೆ ಆಶಾ ಕಾರ್ಯಕರ್ತೆಯರ ಮೂಲಕ ಸೂಚನೆ ತಲುಪಬೇಕು, ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲ ಸಿಗಬೇಕು. ಮಂಗ ಸತ್ತ ಸುದ್ದಿ ಕಚೇರಿಗೆ ತಲುಪಲು ಒಂದು ವಾರ ಹಿಡಿದರೆ, ಅಷ್ಟೂ ದಿನ ಜನ ಅದೇ ಜಾಗದಲ್ಲಿ ದರಗು ಗುಡಿಸಿರುತ್ತಾರೆ. ಮಂಗಗಳ ಹಾವಳಿಯ ಬಗ್ಗೆ ಪ್ರತಿ ಸಭೆಯಲ್ಲೂ ಅರ್ಜಿ ಬರುತ್ತದೆ. ಮಂಗಗಳ ಸಾವಿನ ಬಗ್ಗೆ ಅರ್ಜಿ ಬಂದದ್ದನ್ನು ನಾನು ಕಂಡಿಲ್ಲ.

ಕೃಷಿಯಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲು, ಎರಡನೆಯದನ್ನು 40ರಿಂದ 45 ದಿನಗಳ ನಂತರ ಸಿಂಪಡಿಸಬೇಕು. ಮೇ ಕೊನೆಯ ವಾರದಲ್ಲಿಯೇ ಮಳೆ ಹಿಡಿದರೆ ಜೂನ್ ಮೊದಲ ವಾರಕ್ಕೆ ಕೊನೆಗಾರರನ್ನು ಗೊತ್ತುಪಡಿಸಿಕೊಂಡವರ ತೋಟಕ್ಕೆ ಔಷಧಿ ಬೀಳುವುದಿಲ್ಲ. ಮಳೆಯ ನಡುವೆ ಮರ ಹತ್ತುವುದು ಅಪಾಯಕರ, ಹತ್ತಿದರೂ ದ್ರಾವಣ ಗೊನೆಗೆ ಅಂಟುವುದಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ಕಳೆದ ಹದಿನೈದು ವರ್ಷ ಮಳೆ ಹಿಡಿದ ದಿನಾಂಕಗಳ ಪಟ್ಟಿ ಗೋಡೆಯ ಮೇಲಿದ್ದರೆ ರೈತರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳುತ್ತಾರೆ.

ಈ ಪಟ್ಟಿಯನ್ನು ಹೊಸದಾಗಿ ಸೃಷ್ಟಿಸಬೇಕಾಗಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಮಳೆಯ ಲೆಕ್ಕ ತಾನಾಗಿಯೇ ಬೆಂಗಳೂರಿಗೆ ತಲುಪುತ್ತದೆ. ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವನ್ನು ಲೆಕ್ಕ ಹಾಕುವುದು ಇಂಥ ಅಂಕಿ ಅಂಶಗಳ ಮೇಲೆ. ಮಾಪಕದ ಮೇಲೆ ಬಳ್ಳಿ ಹಬ್ಬಿದ್ದರೆ, ಪಕ್ಕದ ಮರದ ಕೊಂಬೆ ಚಾಚಿದ್ದರೆ, ಬಾಯಿಗೆ ಎಲೆ ಕಟ್ಟಿಕೊಂಡಿದ್ದರೆ ಸುರಿದ ಮಳೆ ದಾಖಲಾಗುವುದಿಲ್ಲ. ತೋಟ ಕೊಳೆತು ಹೋಗಿದ್ದರೂ ಕಾಗದದಲ್ಲಿ ಮಳೆ ಕಡಿಮೆಯೇ. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಈ ವಾರವೇ ಹೋಗಿ ನೋಡಿ. ದುರಸ್ತಿ ಬೇಕಿದ್ದರೆ ಲಿಖಿತವಾಗಿ ತಿಳಿಸಿ, ಪ್ರತಿಯನ್ನು ಕಡತದಲ್ಲಿಡಿ. ಜೊತೆಗೆ ಕೈಯಿಂದ ಅಳೆಯುವ ಸಾಧಾರಣ ಮಾಪಕವೊಂದನ್ನು ಶಾಲೆಯ ಅಂಗಳದಲ್ಲಿ ಇಡಬಹುದು. ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಅಂಥ ಪುಸ್ತಕಗಳು ನಿಮ್ಮ ವ್ಯಾಪ್ತಿಯ ಯಾವ ಮನೆಯಲ್ಲಿದ್ದರೂ ಒಪ್ಪಿಗೆ ಪಡೆದು ಪ್ರತಿ ಮಾಡಿಸಿಕೊಳ್ಳಿ. ಗೆದ್ದಲು ಹಿಡಿಯುವ ಮೊದಲು.

ಪ್ರಾಣಿ, ಪಕ್ಷಿ, ಹೂವು, ಹಣ್ಣುಗಳ ದಾಖಲೆಗೆ ಕಾನೂನಿನ ಚೌಕಟ್ಟು ಈಗಾಗಲೇ ಇದೆ. 2002ರ ಜೀವವೈವಿಧ್ಯ ಅಧಿನಿಯಮದ 41ನೇ ಪ್ರಕರಣದಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಎಷ್ಟೋ ಕಡೆ ಆ ದಾಖಲಾತಿಯನ್ನು ಒಮ್ಮೆ ತರಾತುರಿಯಲ್ಲಿ ಬರೆದು ಕಪಾಟಿನಲ್ಲಿಟ್ಟದ್ದು ಅಲ್ಲಿಯೇ ಇದೆ. ಸಸ್ಯಗಳ ಹೆಸರಿನ ಪಟ್ಟಿ ಇದೆ, ಕಾಲದ ಸುಳಿವಿಲ್ಲ. ಅದಕ್ಕೆ ಪ್ರತಿವರ್ಷ ಒಂದೆರಡು ಪುಟ ಸೇರಿಸಿದರೆ ಸಾಕು. ಮಾವು ಹೂಬಿಟ್ಟ ದಿನ, ಹಲಸು ಹಣ್ಣಾದ ದಿನ, ಹೆಜ್ಜೇನು ಗೂಡು ಕಟ್ಟಿದ ಮತ್ತು ಬಿಟ್ಟುಹೋದ ದಿನ, ಮೊದಲ ರೆಕ್ಕೆಗೆದ್ದಲು, ಮೊದಲ ಕಪ್ಪೆ ಕೂಗು, ಹಳ್ಳದ ಹರಿವು ನಿಂತ ದಿನ, ನವಿಲಿನ ಹಿಂಡು ಕಂಡ ಗದ್ದೆ, ಸತ್ತ ಮಂಗ ಸಿಕ್ಕ ಜಾಗ. ಪ್ರತಿವರ್ಷ ಅದೇ ಮರ, ಅದೇ ಹಳ್ಳ ಆಗಿರಬೇಕು ಎಂಬುದೊಂದೇ ನಿಯಮ. ಈ ವರ್ಷ ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಬೇಕು. ಜಾಗ ಖಾಲಿ ಬಿಡಬಾರದು. ಸದಸ್ಯರು ಬದಲಾಗುತ್ತಾರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ವರ್ಗವಾಗುತ್ತಾರೆ. ಆದ್ದರಿಂದ ಪುಸ್ತಕ ಅರಿವು ಕೇಂದ್ರದಲ್ಲಿರಲಿ. ದಿನವೂ ಹಳ್ಳ, ಬಾವಿಗಳ ಬಳಿ ಓಡಾಡುವ ನೀರುಗಂಟಿಗಳು, ದನ ಮೇಯಿಸುವವರು, ದರಗಿಗೆ ಹೋಗುವ ಹೆಣ್ಣುಮಕ್ಕಳು ನಮ್ಮೆಲ್ಲರಿಗಿಂತ ಹೆಚ್ಚು ನೋಡಿರುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ಗ್ರಂಥಪಾಲಕರದಾಗಲಿ, ಓದಿ ಒಪ್ಪುವ ಕೆಲಸ ಸಮಿತಿಯದಾಗಲಿ.

ಮುಂದಿನ ಗ್ರಾಮ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ, ಮಳೆಮಾಪಕದ ಸ್ಥಿತಿಯನ್ನೂ ಹಿಂದಿನ ಒಣ ಕಾಲದಲ್ಲಿ ಮಂಗಗಳು ಸತ್ತ ಜಾಗಗಳನ್ನೂ ಅಲ್ಲಿ ಓದಿ ಹೇಳಬೇಕೆಂದು ವಿನಂತಿಸುತ್ತೇನೆ. ಸದಸ್ಯರ ಪ್ರಶ್ನೆಗಳಿದ್ದರೆ ಈಗ ಉತ್ತರಿಸುತ್ತೇನೆ.